ಆನೆ ಮತ್ತು ಕಾಲಾಳಿನ ಕೊನೆಯಾಟ: ಮಗಳು ಸೋತ ಈ ಪಂದ್ಯ ಡ್ರಾ ಆಗಬೇಕಿತ್ತೇ?

ಪ್ರಶ್ನೆ – ಶರಾವತಿ ತಟ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. ಶಿವಮೊಗ್ಗದಲ್ಲಿ ಶಾಲಾ ಮಕ್ಕಳಿಗಾಗಿ ಈಚೆಗೆ ನಡೆದ ಎರಡು ದಿನಗಳ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅವಳು ಆಡಿದ ಆಟದ ಬಗ್ಗೆ ತಿಳಿದವರ ಅಭಿಪ್ರಾಯ ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ತಲಾ 30 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡು ಎಂಬ ಕಾಲಮಿತಿ ಇದ್ದುದರಿಂದ ಮಕ್ಕಳೆಲ್ಲರೂ ಕೊನೆಯವರೆಗೂ ನಡೆಗಳನ್ನು ಬರೆದುಕೊಳ್ಳಲೇಬೇಕಿತ್ತು. ಹಾಗಾಗಿ ಇಡೀ ಆಟ ನಮ್ಮ ಬಳಿ ಹಾಳೆಯಲ್ಲಿದೆ.

ಎದುರಾಳಿ ಭದ್ರಾವತಿ ಕಡೆಯ ಹುಡುಗ, ಇವಳಿಗಿಂತ ಒಂದು ತರಗತಿ ಕೆಳಗಿನವನು, ಬಹಳ ಶಾಂತವಾಗಿ ಆಡುತ್ತಿದ್ದ. ಇವಳದು ಕಪ್ಪು ಕಾಯಿ. ಆಟದ ನಡುವಿನಲ್ಲಿ ಒಂದು ಕಾಲಾಳನ್ನು ಕಳೆದುಕೊಂಡ ಮೇಲೆ ಒಂದೊಂದಾಗಿ ಕಾಯಿಗಳೆಲ್ಲ ಬದಲಾಗುತ್ತಾ ಹೋಗಿ, ಕಡೆಗೆ ಅವನ ಬಳಿ ರಾಜ, ಒಂದು ಆನೆ, ಒಂದು ಕಾಲಾಳು, ಇವಳ ಬಳಿ ರಾಜ ಮತ್ತು ಒಂದು ಆನೆ ಮಾತ್ರ ಉಳಿದವು. ಬಿಳಿಯ ರಾಜ ಡಿ5ರಲ್ಲಿ, ಕಾಲಾಳು ಇ5ರಲ್ಲಿ, ಆನೆ ಎಚ್7ರಲ್ಲಿ (ಎ-ಯಿಂದ ಎಚ್‌ವರೆಗಿನ ಅಕ್ಷರ ಉದ್ದ ಸಾಲಿನ ಹೆಸರು, 1ರಿಂದ 8ರವರೆಗಿನ ಅಂಕಿ ಅಡ್ಡ ಸಾಲಿನದು). ಕಪ್ಪಿನ ರಾಜ ಇ8ರಲ್ಲಿ, ಆನೆ ಬಿ6ರಲ್ಲಿ. ಅವನು ಆನೆಯನ್ನು ಎಚ್7ರಿಂದ ಎ7ಕ್ಕೆ ಒಯ್ದರೆ ಇವಳು ತನ್ನದನ್ನು ಜಿ6ಕ್ಕೆ ಸರಿಸಿದಳು; ಅವನು ಎಚ್7ಕ್ಕೆ ಮರಳಿದರೆ ಇವಳು ಬಿ6ಕ್ಕೆ ಮರಳಿದಳು. ಇದೇ ಓಡಾಟ ಮತ್ತೊಮ್ಮೆ ನಡೆಯಿತು. ಆಗ ಇವಳು ಎದುರಿದ್ದ ಹುಡುಗನಿಗೆ “ಡ್ರಾ” ಎಂದು ಹೇಳಿ, ಆನೆಯನ್ನು ಬಿ6ರಲ್ಲಿಟ್ಟು ಗಡಿಯಾರ ಒತ್ತಿದಳಂತೆ. ಅವನು ತಲೆಯಾಡಿಸಿ, ಒಪ್ಪದೆ, ಕಾಲಾಳನ್ನು ಇ6ಕ್ಕೆ ನೂಕಿದ. ಇವಳು ಆನೆಯನ್ನು ಎ6ಕ್ಕೆ ಸರಿಸಿದಳು. ಅವನ ರಾಜ ಇ5ಕ್ಕೆ ಬಂದಿತು. ಇವಳು ಎ5ರಿಂದ ಚೆಕ್ ಕೊಟ್ಟಳು. ರಾಜ ಎಫ್6ಕ್ಕೆ ಹೋಯಿತು. ಅಲ್ಲಿಗೆ ಇವಳಿಗೆ ಮುಂದೆ ಕಾಣಲಿಲ್ಲ. ಹಾಳೆಯಲ್ಲಿ ಅದುವರೆಗೂ ಅಕ್ಷರ ಒಂದೇ ಸಮನಾಗಿದೆ. ಎ5ರ ಚೆಕ್ ಬರೆದ ಜಾಗದಲ್ಲಿ ಮಾತ್ರ ಪೆನ್ನು ಒತ್ತಿ, ಕೆಳಗಿನ ಪ್ರತಿಯಲ್ಲೂ ಗೀರು ಮೂಡಿದೆ.

ಸಭಾಂಗಣದ ಹೊರಗೆ ನಿಂತಿದ್ದ ಪೋಷಕರೊಬ್ಬರು “ಒಂದು ಕಾಲಾಳು ಕಡಿಮೆಯಿದ್ದ ಮೇಲೆ ಸೋಲು ಸಹಜ” ಎಂದರು. ಇನ್ನೊಬ್ಬರು, ಕಾಲಾಳು ಮುಂದೆ ಬಂದಾಗ ಆನೆಯನ್ನು ಎಂಟನೇ ಸಾಲಿಗೆ ತಂದು ರಾಜನ ಪಕ್ಕ ಕಾವಲು ಕೂರಿಸಬೇಕಿತ್ತು ಎಂದರು. ಮನೆಗೆ ಬಂದು ಮೊಬೈಲಿನ ಎಂಜಿನ್‌ಗೆ (ಚೆಸ್ ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶಕ್ಕೆ) ಸ್ಥಿತಿಯನ್ನು ಕೊಟ್ಟರೆ ಅದು ಸೊನ್ನೆ, ಅಂದರೆ ಸಮಬಲ, ತೋರಿಸುತ್ತದೆ, ಸ್ವಲ್ಪ ಮುಂದೆ ಹೋದರೆ ಬಿಳಿಗೆ ಗೆಲುವು ಎನ್ನುತ್ತದೆ. ಏಕೆಂದು ಮಾತ್ರ ಹೇಳುವುದಿಲ್ಲ. ಸೋತದ್ದಕ್ಕೆ ಅವಳಿಗೆ ಅಷ್ಟು ಬೇಸರವಿಲ್ಲ, ಎಲ್ಲಿ ಸೋತೆನೆಂದು ತಿಳಿಯದಿರುವುದೇ ಅವಳನ್ನು ಕಾಡುತ್ತಿದೆ. ಈ ಆಟ ನಿಜವಾಗಿಯೂ ಡ್ರಾ ಆಗುತ್ತಿತ್ತೇ? ಆಗುತ್ತಿದ್ದರೆ ಕೈತಪ್ಪಿದ್ದು ಎಲ್ಲಿ? ಹತ್ತಿರದಲ್ಲಿ ತರಬೇತುದಾರರಿಲ್ಲದ ಊರಿನಲ್ಲಿ ಇಂಥ ಕೊನೆಯಾಟಗಳನ್ನು ನಾವು ಮನೆಯಲ್ಲಿ ಕಲಿಸುವ ಬಗೆ ಯಾವುದು?

ಉತ್ತರ – ತುಂಗೆಯ ದಡ (ಶಿವಮೊಗ್ಗ, ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ)

ಮೊದಲಿಗೆ ನಿಮ್ಮ ಮಗಳಿಗೆ ಇದನ್ನು ಹೇಳಿ: ಅವಳು ತಾನಾಗಿಯೇ ತಲುಪಿದ್ದ ಆ ಸ್ಥಿತಿ ಚೆಸ್ಸಿನ ಅತ್ಯಂತ ಹೆಸರಾದ ಡ್ರಾ ಸ್ಥಿತಿಗಳಲ್ಲಿ ಒಂದು. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಸಂಗೀತ ಸಂಯೋಜಕರಾಗಿಯೂ ಚೆಸ್ ಆಟಗಾರರಾಗಿಯೂ ಹೆಸರು ಮಾಡಿದ್ದ ಫಿಲಿಡೋರ್ ಇದನ್ನು ವಿವರಿಸಿದ್ದರಿಂದ ಇಂದಿಗೂ ಇದಕ್ಕೆ ಫಿಲಿಡೋರ್ ಸ್ಥಿತಿ ಎಂದೇ ಹೆಸರು. ಯಾರೂ ಹೇಳಿಕೊಡದೆ ಆನೆಯನ್ನು ಆರನೇ ಸಾಲಿನಲ್ಲೇ ಇಟ್ಟುಕೊಂಡು ಬಿ6, ಜಿ6 ಎಂದು ಓಡಾಡಿಸಿದ್ದಾಳೆಂದರೆ, ಅರ್ಧ ಪಾಠವನ್ನು ಅವಳು ಹಲಗೆಯ ಮುಂದೆ ಕೂತೇ ಕಂಡುಕೊಂಡಿದ್ದಾಳೆ.

ಉಳಿದರ್ಧ ಪಾಠ ಕಾಲಾಳು ಇ6ಕ್ಕೆ ಬಂದ ಕ್ಷಣದಿಂದ ಶುರುವಾಗುತ್ತದೆ. ಕಾಲಾಳು ಇ5ರಲ್ಲಿರುವಾಗ ಬಿಳಿಯ ರಾಜನಿಗೆ ಆರನೇ ಸಾಲಿಗೆ ಬರುವ ಆಸೆ. ರಾಜ ಇ6ಕ್ಕೆ ಬಂದುಬಿಟ್ಟರೆ, ಹಿಂದಿನಿಂದ ಎಷ್ಟು ಚೆಕ್ ಕೊಡಲು ನೋಡಿದರೂ ಇ5ರ ಕಾಲಾಳು ಅದರ ಬೆನ್ನಿಗೆ ಅಡ್ಡ ಇರುತ್ತದೆ, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಬೆನ್ನಿನ ಮೇಲೆ ಗೊರಬು ಇದ್ದ ಹಾಗೆ. ಆದ್ದರಿಂದಲೇ ಕಪ್ಪು ಆನೆ ಆರನೇ ಸಾಲನ್ನು ಅಡ್ಡಗಟ್ಟಿ ರಾಜನನ್ನು ಒಳಗೆ ಬಿಡಬಾರದು. ಆದರೆ ಬಿಳಿಯು ಕಾಲಾಳನ್ನೇ ಇ6ಕ್ಕೆ ನೂಕಿದರೆ ರಾಜನ ಬೆನ್ನಿನ ಆ ರಕ್ಷಣೆ ಹೋಯಿತು. ಈಗ ಕಪ್ಪು ಆನೆ ಬೋರ್ಡಿನ ಇನ್ನೊಂದು ತುದಿಗೆ, ಬಿ1ಕ್ಕೋ ಎ1ಕ್ಕೋ ಓಡಬೇಕು. ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್, ಇ5ಕ್ಕೆ ಇಳಿದರೆ ಇ1ರಿಂದ ಚೆಕ್, ಎಫ್6ಕ್ಕೆ ಹೋದರೆ ಎಫ್1ರಿಂದ ಚೆಕ್. ಅಡಗಲು ಒಂದು ಮನೆಯೂ ಇಲ್ಲ. ತೀರಾ ದೂರ, ಸಿ7ರ ಕಡೆಗೆ ರಾಜ ಓಡಿಹೋದರೆ ಆನೆ ಇ1ಕ್ಕೆ ಬಂದು ಕಾಲಾಳನ್ನೇ ಹಿಡಿಯುತ್ತದೆ.

ಈಗ ಕೈತಪ್ಪಿದ ಜಾಗ. ಕಾಲಾಳು ಇ6ಕ್ಕೆ ಬಂದೊಡನೆ ಆನೆ ಎ6ಕ್ಕೆ ಹೋದ ನಡೆಯಲ್ಲೇ ಸೋಲು ಇದೆಯೆಂದು ನೀವು ಊಹಿಸಿರಬಹುದು. ಅದಲ್ಲ. ಅದು ತಡ ಅಷ್ಟೇ, ಸೋಲಲ್ಲ. ರಾಜ ಇ5ಕ್ಕೆ ಬಂದ ಮೇಲೂ ಆನೆ ಎ6ರಿಂದ ನೇರ ಎ1ಕ್ಕೆ ಇಳಿದಿದ್ದರೆ ಆಟ ಡ್ರಾ ಆಗಿಯೇ ಉಳಿಯುತ್ತಿತ್ತು: ರಾಜ ಎಫ್6, ಎಫ್1ರಿಂದ ಚೆಕ್, ರಾಜ ಇ5, ಇ1ರಿಂದ ಚೆಕ್, ರಾಜ ಡಿ6, ಡಿ1ರಿಂದ ಚೆಕ್. ಸೋಲಿಗೆ ಕಾರಣವಾದದ್ದು ಎ5ರ ಚೆಕ್ ಒಂದೇ. ಆ ಚೆಕ್ಕಿಗೆ ಉತ್ತರವಾಗಿ ರಾಜ ಎಫ್6ಕ್ಕೆ ಹೋದಾಗ, ಇ6ರ ಕಾಲಾಳು ಅದರ ಎಡಬದಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆನೆ ಎ6ಕ್ಕೆ ಮರಳಿದರೂ ಚೆಕ್ ರಾಜನಿಗೆ ತಾಗುವುದಿಲ್ಲ, ಇತ್ತ ಎಚ್8ರಲ್ಲಿ ಚೆಕ್‌ಮೇಟ್ ಕಾದಿರುತ್ತದೆ. ಕಪ್ಪು ರಾಜ ಎಫ್8ಕ್ಕೆ ಹೋದರೂ ಅದೇ ಮೇಟ್. ಡಿ8ಕ್ಕೆ ಹೋದರೆ ಎಚ್8ರಿಂದ ಚೆಕ್, ರಾಜ ಸಿ7, ಕಾಲಾಳು ಇ7, ಅದು ರಾಣಿಯಾಗುವುದನ್ನು ತಡೆಯಲಾಗದು. ಹಿಂದಿನಿಂದ ಕೊಡುವ ಚೆಕ್ಕಿಗೂ ಬದಿಯಿಂದ ಕೊಡುವ ಚೆಕ್ಕಿಗೂ ಇರುವ ಈ ವ್ಯತ್ಯಾಸವನ್ನು ಅವಳೇ ಕಾಯಿಗಳನ್ನು ಇಟ್ಟು ನೋಡಿಕೊಳ್ಳಲಿ. ಮಕ್ಕಳಿಗೆ ಚೆಕ್ ಎಂದರೆ ಯಾವಾಗಲೂ ಒಳ್ಳೆಯ ನಡೆ ಎಂಬ ನಂಬಿಕೆ ಇರುತ್ತದೆ. ಅದು ಎಷ್ಟು ಬೇಗ ಕರಗಿದರೆ ಅಷ್ಟು ಒಳ್ಳೆಯದು.

ಆ ಭದ್ರಾವತಿಯ ಹುಡುಗನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎ5ರ ಚೆಕ್ಕಿಗೆ ಅವನು ಡಿ6ಕ್ಕೆ ಹೋಗಿದ್ದರೆ ಮತ್ತೆ ಎ6ರಿಂದ ಚೆಕ್ ಬರುತ್ತಿತ್ತು. ಕಾಲಾಳಿನ ಮರೆಯಿರುವ ಬದಿಯನ್ನೇ ಆರಿಸಿಕೊಂಡ ಅವನ ಆಟ ಮೆಚ್ಚಬೇಕಾದದ್ದು.

ಉತ್ತರ – ಭದ್ರೆಯ ಆರ್ಬಿಟರ್

ಮೇಲಿನವರು ಆಟವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ನಿಯಮದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಿಮ್ಮ ಬರಹವನ್ನು ಓದಿದರೆ ನಿಮ್ಮ ಮಗಳ ಕೈಯಲ್ಲಿ ಇ6ಕ್ಕೂ ಮೊದಲೇ ಅರ್ಧ ಅಂಕ ಇತ್ತು.

ಬಿಳಿ ಆನೆ ಎಚ್7, ಕಪ್ಪು ಆನೆ ಬಿ6, ನಡೆ ಬಿಳಿಯದು – ಈ ಸ್ಥಿತಿ ಮೊದಲೊಮ್ಮೆ ಇತ್ತು. ಎ7, ಜಿ6, ಎಚ್7, ಬಿ6 ಎಂದು ಸುತ್ತಿ ಬಂದಾಗ ಎರಡನೆಯದಾಯಿತು. ಮತ್ತೆ ಅದೇ ಸುತ್ತು ಮುಗಿದಾಗ ಮೂರನೆಯದು. ಒಂದೇ ಸ್ಥಿತಿ, ಅದೇ ಆಟಗಾರನ ಸರದಿಯಲ್ಲಿ, ಮೂರನೆಯ ಬಾರಿ ಬಂದರೆ ಡ್ರಾ ಕೇಳುವ ಹಕ್ಕನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಾವಳಿಯ 9.2ನೇ ವಿಧಿ ಕೊಡುತ್ತದೆ. ಆದರೆ ಅದನ್ನು ಎದುರಾಳಿಯ ಬಳಿ ಕೇಳುವುದಲ್ಲ, ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಬಳಿ ಕೇಳಬೇಕು. ಕೇಳುವ ರೀತಿಯೂ ಒಂದಿದೆ. ತನ್ನ ನಡೆಯಿಂದ ಆ ಸ್ಥಿತಿ ಮೂರನೆಯ ಸಲ ಬರುವುದಾದರೆ ಆ ನಡೆಯನ್ನು ಆಡಬಾರದು. ಹಾಳೆಯಲ್ಲಿ ಮೊದಲು ಬರೆಯಬೇಕು, ಕಾಯಿಯನ್ನು ಮುಟ್ಟದೆ ಗಡಿಯಾರ ನಿಲ್ಲಿಸಿ, ಕೈ ಎತ್ತಿ ಆರ್ಬಿಟರನ್ನು ಕರೆದು, ಈ ನಡೆಯನ್ನು ಆಡಲಿದ್ದೇನೆ, ಇದರಿಂದ ಸ್ಥಿತಿ ಮೂರನೆಯ ಬಾರಿ ಬರುತ್ತದೆ ಎಂದು ಹೇಳಬೇಕು. ಕಾಯಿಯನ್ನು ಮುಟ್ಟಿದರೆ ಆ ನಡೆಗೆ ಸಂಬಂಧಿಸಿದ ಹಕ್ಕು ಹೋಯಿತು. ನಿಮ್ಮ ಮಗಳು ಆನೆಯನ್ನು ಬಿ6ರಲ್ಲಿಟ್ಟು ಗಡಿಯಾರ ಒತ್ತಿದ್ದರಿಂದ, ಅವಳು ಹೇಳಿದ “ಡ್ರಾ” ಎಂಬ ಮಾತು ಎದುರಾಳಿಯ ಮುಂದಿಟ್ಟ ಪ್ರಸ್ತಾವ ಮಾತ್ರವಾಯಿತು. ಅದನ್ನು ಒಪ್ಪುವುದೂ ಬಿಡುವುದೂ ಅವನಿಗೆ ಸೇರಿದ್ದು, ಅವನು ನಿಯಮದೊಳಗೇ ನಡೆದುಕೊಂಡಿದ್ದಾನೆ.

ಮಕ್ಕಳು ಹಕ್ಕು ಕೇಳಲು ಹಿಂಜರಿಯುವುದಕ್ಕೆ ತಪ್ಪಾದರೆ ಏನಾಗುವುದೋ ಎಂಬ ಭಯವೂ ಒಂದು ಕಾರಣ. ಆರ್ಬಿಟರ್ ಹಾಳೆಯನ್ನು ನೋಡಿ, ಬೇಕಾದರೆ ನಡೆಗಳನ್ನು ಮತ್ತೆ ಆಡಿಸಿ ಪರಿಶೀಲಿಸುತ್ತಾರೆ. ಬೇಡಿಕೆ ಸರಿಯಿಲ್ಲದಿದ್ದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿಯಾಗಿ ಸಿಗುತ್ತದೆ, ಬರೆದ ನಡೆಯನ್ನೇ ಆಡಿ ಆಟ ಮುಂದುವರಿಯುತ್ತದೆ, ಅಷ್ಟೇ. ಐವತ್ತು ನಡೆಗಳ ನಿಯಮಕ್ಕೂ ಇದೇ ಕ್ರಮ: ಇಬ್ಬರೂ ತಲಾ 50 ನಡೆಗಳನ್ನು ಯಾವ ಕಾಯಿಯನ್ನೂ ಹೊಡೆಯದೆ, ಯಾವ ಕಾಲಾಳನ್ನೂ ಸರಿಸದೆ ಆಡಿದ್ದರೆ ಡ್ರಾ ಕೇಳಬಹುದು. ಒಂದೇ ಸ್ಥಿತಿ ಐದನೇ ಬಾರಿ ಬಂದರೆ ಅಥವಾ ಅಂಥ ನಡೆಗಳು ತಲಾ 75 ಆದರೆ ಯಾರೂ ಕೇಳದಿದ್ದರೂ ಆಟ ಡ್ರಾ. ಆದರೆ “ಇದು ಪುಸ್ತಕದ ಪ್ರಕಾರ ಡ್ರಾ” ಎಂಬ ಕಾರಣಕ್ಕೆ ಆರ್ಬಿಟರ್ ಆಟ ನಿಲ್ಲಿಸುವಂತಿಲ್ಲ. ಫಿಲಿಡೋರ್ ಸ್ಥಿತಿಯನ್ನು ಆಡಿಯೇ ಉಳಿಸಿಕೊಳ್ಳಬೇಕು.

ನಡೆಗಳನ್ನು ಬರೆಯುವ ಅಭ್ಯಾಸವನ್ನು ಬಿಡಿಸಬೇಡಿ. 30 ಸೆಕೆಂಡು ಸೇರ್ಪಡೆಯಿರುವ ಆಟದಲ್ಲಿ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೂ ಬರೆಯಲೇಬೇಕೆಂಬ ನಿಯಮ ಮಕ್ಕಳಿಗೆ ಹಿಂಸೆಯಂತೆ ಕಾಣುತ್ತದೆ, ಆದರೆ ಇಂಥ ಹೊತ್ತಿನಲ್ಲಿ ಅವರ ಪರವಾಗಿ ಸಾಕ್ಷಿ ನುಡಿಯುವುದು ಅದೇ ಹಾಳೆ.

ಉತ್ತರ – ಇಕ್ಕೇರಿ (ಸಾಗರ, ಪೋಷಕ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಟದ ವಿಶ್ಲೇಷಣೆಯಲ್ಲಿ ನನಗೆ ತಕರಾರಿಲ್ಲ. ಆದರೆ ಶಾಲಾ ಪಂದ್ಯಾವಳಿಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳ ಹೆಚ್ಚಿನ ಆಟಗಳು ಕೊನೆಯಾಟಕ್ಕೆ ಬರುವುದೇ ಇಲ್ಲ. ಯಾರಾದರೊಬ್ಬರು ಕುದುರೆಯನ್ನೋ ರಾಣಿಯನ್ನೋ ಸುಮ್ಮನೆ ಕಳೆದುಕೊಂಡು ಇಪ್ಪತ್ತೈದು ಮೂವತ್ತು ನಡೆಗಳಲ್ಲೇ ಮುಗಿಯುತ್ತವೆ. ಈ ಹುಡುಗಿಯೂ ಮಧ್ಯದಲ್ಲಿ ಕಾಲಾಳನ್ನು ಕಳೆದುಕೊಳ್ಳದಿದ್ದರೆ ಫಿಲಿಡೋರ್ ನೆನಪಾಗುವ ಪ್ರಸಂಗವೇ ಬರುತ್ತಿರಲಿಲ್ಲ. ನನ್ನ ಮಗನಿಗೆ ದಿನವೂ ಎರಡು ಮೂರು ನಡೆಗಳ ತಂತ್ರಗಳನ್ನು ಬಿಡಿಸುವ ಅಭ್ಯಾಸ ಮಾಡಿಸಿದ ಮೇಲೆಯೇ ಅವನ ಆಟ ಮೇಲೇರಿದ್ದು. ಇಡೀ ವಾರ ಶಾಲೆ, ಮನೆಪಾಠ, ಬಸ್ಸಿನ ಓಡಾಟದಲ್ಲಿ ಕಳೆಯುವ ಮಗುವಿಗೆ ಸಿಗುವ ಅರ್ಧ ಗಂಟೆಯನ್ನು ಒಣ ಕೊನೆಯಾಟಗಳಿಗೆ ಕೊಟ್ಟರೆ ಅದಕ್ಕೆ ಆಟದ ಮೇಲಿನ ಪ್ರೀತಿಯೇ ಹೋದೀತೆಂಬ ಆತಂಕ ನನಗಿದೆ.

ಉತ್ತರ – ತುಂಗೆಯ ದಡ

ಇಕ್ಕೇರಿಯವರ ಮಾತಿನಲ್ಲಿ ಹುರುಳಿದೆ. ತಂತ್ರಗಳ ಅಭ್ಯಾಸವನ್ನು ಯಾರೂ ಬಿಡಬಾರದು, ನಾನೂ ಬಿಡಿಸುವುದಿಲ್ಲ. ಆದರೆ ನಮ್ಮ ಮಕ್ಕಳ ಸಮಯವನ್ನು ತಿನ್ನುತ್ತಿರುವುದು ಕೊನೆಯಾಟವಲ್ಲ, ಆರಂಭದ ನಡೆಗಳ ಬಾಯಿಪಾಠ. ಸ್ಟ್ಯಾನಿ ಜಿ.ಎ. ಅವರಂಥ ಗ್ರ್ಯಾಂಡ್‌ಮಾಸ್ಟರ್ ಬೆಳೆದ ಊರು ನಮ್ಮದು. ಇಲ್ಲಿ ತರಗತಿಗೆ ಬರುವ ಮಕ್ಕಳು ಸಿಸಿಲಿಯನ್ ರಕ್ಷಣೆಯ ಹತ್ತು ಹನ್ನೆರಡು ನಡೆಗಳನ್ನು ಗಡಗಡನೆ ಹೇಳುತ್ತಾರೆ, ಎದುರಾಳಿ ಐದನೇ ನಡೆಯಲ್ಲೇ ಬೇರೆ ದಾರಿ ಹಿಡಿದರೆ ಸುಮ್ಮನೆ ಕೂರುತ್ತಾರೆ. ಆರಂಭದಲ್ಲಿ ಕಲಿತ ನಡೆ ಎದುರಾಳಿ ಒಪ್ಪಿದರೆ ಮಾತ್ರ ಬೋರ್ಡಿನ ಮೇಲೆ ಬರುತ್ತದೆ. ಫಿಲಿಡೋರ್ ಸ್ಥಿತಿಗೆ ಆ ಷರತ್ತಿಲ್ಲ. ಕ್ಯೂಬಾದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಕಲಿಕೆಯನ್ನು ಕೊನೆಯಾಟದಿಂದ ಶುರುಮಾಡಬೇಕೆಂದು ಪ್ರತಿಪಾದಿಸಿದ್ದು ಸುಮ್ಮನೆ ಅಲ್ಲ.

ಕೊನೆಯಾಟ ಒಣ ವಿಷಯ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟದ 14ನೇ ಆಟವನ್ನು ಇಲ್ಲಿನ ಎಷ್ಟೋ ಮಕ್ಕಳು ಮೊಬೈಲಿನಲ್ಲಿ ನೋಡಿದರು. ಗುಕೇಶ್ ಬಳಿ ಇದ್ದ ಮೇಲುಗೈ ಒಂದು ಕಾಲಾಳು ಮಾತ್ರ. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ. ಡ್ರಾ ಆಗುವುದೆಂದೇ ನೋಡುವವರೆಲ್ಲ ಅಂದುಕೊಂಡಿದ್ದ ಸ್ಥಿತಿಯಲ್ಲಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆಗಳನ್ನು ಬದಲಿಸಿ, ಒಂಟೆಗಳನ್ನೂ ಬದಲಿಸಿಕೊಂಡರು, ಉಳಿದದ್ದು ಗೆಲ್ಲುವ ಕಾಲಾಳಿನ ಕೊನೆಯಾಟ. 58ನೇ ನಡೆಯ ನಂತರ ಡಿಂಗ್ ಸೋಲೊಪ್ಪಿಕೊಂಡರು, 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಕಾಯಿ ಬದಲಿಸಿದ ಮೇಲೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕುವುದೂ ತಂತ್ರವೇ ಅಲ್ಲವೇ?

ಇನ್ನು ತಾಯಿಯವರು ಕೇಳಿದ ಅಭ್ಯಾಸದ ವಿಚಾರ. ಇದಕ್ಕೆ ಇಂಟರ್ನೆಟ್ ಬೇಡ, ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಯೂ ನಡೆಯುತ್ತದೆ. ಬೋರ್ಡಿನ ಮೇಲೆ ಆ ಐದು ಕಾಯಿಗಳನ್ನಷ್ಟೇ ಇಡಿ. ಮೊದಲು ಅವಳು ಕಪ್ಪು ಆಡಲಿ, ನೀವು ಬಿಳಿ. ನಿಮಗೆ ಆಟ ಅಷ್ಟಾಗಿ ಬಾರದಿದ್ದರೂ ಚಿಂತೆಯಿಲ್ಲ, ಗೆಲ್ಲಲು ಮನಸ್ಸಿಗೆ ತೋಚಿದ್ದನ್ನೆಲ್ಲ ಆಡಿ ನೋಡಿ. ಬಳಿಕ ಬಣ್ಣ ಬದಲಿಸಿ. ಡ್ರಾ ಮಾಡಿಕೊಳ್ಳುವವರ ಕಷ್ಟ ಅರ್ಥವಾಗುವುದು ಗೆಲ್ಲಲು ಹೆಣಗುವ ಕಡೆ ಕೂತಾಗಲೇ. ಕಾಲಾಳು ಐದನೇ ಸಾಲಿನಲ್ಲಿದ್ದರೆ ಆನೆ ಎಲ್ಲಿ, ಆರಕ್ಕೆ ಬಂದರೆ ಎಲ್ಲಿ ಎಂದು ಅವಳು ಯೋಚಿಸದೆ ಹೇಳುವಂತಾದ ಮೇಲೆ ಕಾಲಾಳನ್ನು ಡಿ ಸಾಲಿಗೆ, ಸಿ ಸಾಲಿಗೆ ಬದಲಿಸಿ. ಅದಾದ ಮೇಲೆ ಲುಸೆನಾ ಸ್ಥಿತಿ, ಅಂದರೆ ಕಾಲಾಳು ಏಳನೇ ಸಾಲಿನಲ್ಲಿ, ಅದರ ರಾಜ ಮುಂದಿನ ಎಂಟನೇ ಸಾಲಿನಲ್ಲಿ ಇರುವಾಗ ಗೆಲ್ಲುವ ಬಗೆಯನ್ನು ಕಲಿಸಿ. ಈ ಎರಡು ಗೊತ್ತಿದ್ದರೆ ಆನೆಗಳ ಕೊನೆಯಾಟದಲ್ಲಿ ಯಾವುದರ ಕಡೆಗೆ ಹೋಗಬೇಕು, ಯಾವುದರಿಂದ ತಪ್ಪಿಸಿಕೊಳ್ಳಬೇಕು ಎಂಬುದು ತಿಳಿಯುತ್ತದೆ.

ಮರುಪ್ರಶ್ನೆ – ಶರಾವತಿ ತಟ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನೀವು ಹೇಳಿದಂತೆ ಕಾಯಿಗಳನ್ನು ಇಟ್ಟು ಆಡಿದೆವು. ಎ1ರಿಂದ ಚೆಕ್ ಕೊಡುವಾಗ ನನ್ನ ರಾಜನಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಅದನ್ನು ಕಂಡು ಅವಳು ತಾನೇ ಕಾಲಾಳನ್ನು ಇ5ಕ್ಕೂ ಇ6ಕ್ಕೂ ಮತ್ತೆ ಮತ್ತೆ ಬದಲಿಸಿ, ರಾಜ ಎಲ್ಲೆಲ್ಲಿ ಅಡಗಬಹುದೆಂದು ಬೆರಳಿಟ್ಟು ತೋರಿಸಿದಳು. ಮೂರನೇ ಬಾರಿಯ ನಿಯಮವನ್ನೂ ಹಾಳೆಯ ಮೇಲೆ ಬರೆದು, ಕಾಯಿ ಮುಟ್ಟದೆ ಕೈ ಎತ್ತುವ ಅಭ್ಯಾಸ ಮಾಡಿದ್ದಾಳೆ.

ಅವಳದೇ ಒಂದು ಪ್ರಶ್ನೆ ಉಳಿದಿದೆ. ಸಭಾಂಗಣದ ಹೊರಗೆ ಒಬ್ಬರು ಆನೆಯನ್ನು ಎಂಟನೇ ಸಾಲಿನಲ್ಲಿ ಕಾವಲು ಕೂರಿಸಬೇಕಿತ್ತು ಎಂದಿದ್ದರಲ್ಲ, ಅದು ಯಾವಾಗಲೂ ತಪ್ಪೇ, ಅಥವಾ ಸರಿಯಾಗುವ ಸಂದರ್ಭವೂ ಇದೆಯೇ ಎಂದು ಕೇಳುತ್ತಿದ್ದಾಳೆ.

ಉತ್ತರ – ತುಂಗೆಯ ದಡ

ಇದು ತುಂಬಾ ಒಳ್ಳೆಯ ಪ್ರಶ್ನೆ. ಇ ಅಥವಾ ಡಿ ಸಾಲಿನ ಕಾಲಾಳಿನ ಎದುರು, ಸಿ ಅಥವಾ ಎಫ್ ಸಾಲಿನ ಕಾಲಾಳಿನ ಎದುರೂ, ಕಾಲಾಳು ಆರನೇ ಸಾಲಿಗೆ ಬಂದು ಪಕ್ಕದಲ್ಲಿ ರಾಜ ನಿಂತ ಮೇಲೆ ಆನೆಯನ್ನು ಎಂಟನೇ ಸಾಲಿನಲ್ಲೇ ಕೂರಿಸಿಕೊಂಡು ಕಾದರೆ ಆಟ ಉಳಿಯುವುದಿಲ್ಲ. ಕಾಲಾಳಿನ ಎರಡೂ ಬದಿಗೆ ಜಾಗವಿರುವುದರಿಂದ ಎದುರಾಳಿಯ ಆನೆ ಇನ್ನೊಂದು ಕಡೆಯಿಂದ ಸುತ್ತಿ ಬಂದು ಮೇಟ್ ಹೆದರಿಕೆ ಒಡ್ಡುತ್ತದೆ. ನಿಮ್ಮ ಆಟದಲ್ಲಿ ಎಚ್8ರ ಮೇಟ್ ಬಂದದ್ದೂ ಅದೇ ಕಾರಣಕ್ಕೆ.

ಆದರೆ ಕಾಲಾಳು ಬಿ ಅಥವಾ ಜಿ ಸಾಲಿನಲ್ಲಿದ್ದರೆ, ಅಥವಾ ಎ, ಎಚ್ ಎಂಬ ಅಂಚಿನ ಸಾಲುಗಳಲ್ಲಿದ್ದರೆ, ಆ ಮಹನೀಯರ ಸಲಹೆ ಸರಿಯಾದದ್ದೇ. ಸುತ್ತಿ ಬರಲು ಅಲ್ಲಿ ಜಾಗ ಸಾಲದು. ಅವಳು ಹೀಗೆ ಇಟ್ಟು ನೋಡಲಿ: ಬಿಳಿಯ ರಾಜ ಎಚ್6, ಕಾಲಾಳು ಜಿ6, ಆನೆ ಎ7, ಕಪ್ಪು ರಾಜ ಜಿ8, ಆನೆ ಬಿ8. ಬಿಳಿ ಆನೆ ಜಿ7ರಿಂದ ಚೆಕ್ ಕೊಟ್ಟರೆ ಕಪ್ಪು ರಾಜ ಮೂಲೆಗೆ, ಎಚ್8ಕ್ಕೆ ಹೋಗಬೇಕು, ಆಗ ಡ್ರಾ. ಮಧ್ಯದ ಕಡೆಗೆ ಹೋಗುವುದೇ ಒಳ್ಳೆಯದೆಂದು ಎಫ್8ಕ್ಕೆ ಹೋದರೆ ಬಿಳಿಯ ರಾಜ ಎಚ್7ಕ್ಕೆ ಬಂದು ಗೆಲ್ಲುತ್ತದೆ. ಎಫ್8 ಏಕೆ ಸೋಲುತ್ತದೆಂದು ಅವಳು ಬಿಳಿಯ ಕಡೆ ಕೂತು ಕಂಡುಹಿಡಿದು ನಡೆಗಳನ್ನು ಇಲ್ಲಿ ಬರೆಯಲಿ, ನಾನು ನೋಡುತ್ತೇನೆ.